ಪ್ರೌಢಶಾಲೆಯಲ್ಲಿ ಅಮೆರಿಕೆಯ ಇತಿಹಾಸ : ಪಾಠಸಿದ್ಧತೆಯನ್ನು ಕುರಿತು

‘ಇತಿಹಾಸ’ ಶಬ್ದವನ್ನು ಪೂರ್ವಸೂರಿಗಳು ‘ಇತಿ-ಹ-ಆಸ’ ಎಂದು ಬಿಡಿಸಿ, ‘ಹೀಗೆಯೇ ಇದ್ದಿತಷ್ಟೆ’ ಎಂದು ಅರ್ಥ ಹೇಳಿದರು. ವ್ಯುತ್ಪತ್ತಿಯೇನೋ ಸೊಗಸಾಗಿದೆ; ಆದರೆ ಪಾಠಶಾಲೆಯಲ್ಲಿ ಅದರಿಂದ ಒಂದು ಅನರ್ಥವೂ ಆಗಿದೆ. ಹೀಗೆಯೇ ಇದ್ದಿತೆಂದ ಮೇಲೆ ಕೇಳುವುದೇನು, ಬಾಯಿಪಾಠ ಮಾಡಿದರೆ ತೀರಿತು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅಧ್ಯಾಪಕರಲ್ಲಿ ಇಲ್ಲವೆಂದು ಹೇಳುವಂತಿಲ್ಲ. ಪರದೇಶದ ಇತಿಹಾಸವಾದರಂತೂ ಈ ಭಾವನೆ ಇಮ್ಮಡಿಯಾಗುತ್ತದೆ. ಗುಡೂರಿನಲ್ಲಿ ಕುಳಿತ ಬಾಲಕನಿಗೆ ಬಾದಾಮಿಯ ಮೇಣಬಸದಿ ಕಣ್ಣೆದುರಿನ ಕಲ್ಲು. ಐಹೊಳೆ, ಪಟ್ಟದಕಲ್ಲುಗಳು ಒಂದು ಹಗಲಿನಲ್ಲಿ ಹೋಗಿ ಬರುವ ಹಾದಿ. ಆದರೆ ಬೋಸ್ಟನ್ ಎಂಬ ಬಂದರು, ಫಿಲಡೆಲ್ಫಿಯಾ ಎಂಬ ನಗರ, ಹದಿಮೂರು ವಸಾಹತುಗಳು ಅವನಿಗೆ ಕೇವಲ ಶಬ್ದಗಳು. ಶಬ್ದವನ್ನು ಕಂಠಸ್ಥ ಮಾಡಿ, ಪರೀಕ್ಷೆಯಲ್ಲಿ ಬರೆದು, ಬೇಸಗೆಯ ರಜೆಯಲ್ಲಿ ಮರೆಯುತ್ತಾನೆ.

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಠ್ಯದಲ್ಲಿ ಅಮೆರಿಕೆಗೆ ದೊರೆಯುವುದು ಕೆಲವೇ ಪುಟ. ಫ್ರಾನ್ಸಿನ ಮಹಾಕ್ರಾಂತಿ, ಇಟಲಿ ಮತ್ತು ಜರ್ಮನಿಗಳ ಏಕೀಕರಣ ಮೊದಲಾದವುಗಳ ನಡುವೆ ಸ್ವಾತಂತ್ರ್ಯ ಸಂಗ್ರಾಮದ ವೃತ್ತಾಂತ ಬಂದುಹೋಗುತ್ತದೆ. ಇಷ್ಟು ಸಣ್ಣ ಭಾಗಕ್ಕೆ ವಿಶೇಷ ಸಿದ್ಧತೆ ಏಕೆಂದು ಕೇಳುವವರುಂಟು. ವಿದ್ಯಾರ್ಥಿಯು ತನ್ನ ನೆಲದ ಆಚೆಗಿನ ಮನುಷ್ಯರ ಸುಖದುಃಖಗಳನ್ನು ಶಾಲೆಯಲ್ಲಿ ವಿಚಾರಮಾಡಿ ತಿಳಿಯುವ ಅವಕಾಶ ಇಂಥ ಕೆಲವೇ ಪುಟಗಳಲ್ಲಿದೆ. ಮುಂದೆ ವಿಜ್ಞಾನವನ್ನೋ ವಾಣಿಜ್ಯವನ್ನೋ ಹಿಡಿದವನಿಗೆ ಅದು ಮತ್ತೆ ಒದಗುವುದಿಲ್ಲ. ಒಂಬತ್ತು ಅವಧಿಗಳು ಸಿಕ್ಕರೆ ಈ ಪಾಠವನ್ನು ಗುಡೂರಿನಂಥ ಊರಿನಲ್ಲಿಯೂ ಜೀವಂತವಾಗಿ ನಡೆಸಬಹುದು. ಹಾಗೆ ನಡೆಸುವ ಬಗೆ ಯಾವುದೆಂಬುದನ್ನು ಮುಂದೆ ವಿಚಾರಿಸಿದೆ.

ಮೊದಲನೆಯದಾಗಿ, ಮಕ್ಕಳಿಂದ ಏನನ್ನು ನಿರೀಕ್ಷಿಸಲಾಗುವುದೆಂಬುದನ್ನು ಅಧ್ಯಾಪಕನು ಮೊದಲ ದಿನವೇ ತಿಳಿಸಬೇಕು. ಎಷ್ಟೋ ಕಡೆ ಇದು ಪರೀಕ್ಷೆಯ ಹಿಂದಿನ ವಾರ ತಿಳಿಯುತ್ತದೆ. ಆಗ ಅದು ಬೆದರಿಕೆಯಾಗುತ್ತದೆ, ಮಾರ್ಗದರ್ಶನವಾಗುವುದಿಲ್ಲ. ಪ್ರತಿಯೊಬ್ಬನೂ ನೋಟುಪುಸ್ತಕದ ಎಡಪುಟದಲ್ಲಿ ಅಮೆರಿಕೆಯ ಸಂಗತಿಯನ್ನು, ಅದರ ಎದುರಿನ ಬಲಪುಟದಲ್ಲಿ ಅದೇ ಕಾಲದ ಕನ್ನಡನಾಡಿನ ಸಂಗತಿಯನ್ನು ಬರೆಯಬೇಕು. ಎರಡು ಸಲ ಮನೆಯ ಹಿರಿಯರನ್ನು ಕೇಳಿ ತಿಳಿದುಕೊಂಡು ಬರಬೇಕು. ಒಂದಾದರೂ ಪ್ರಶ್ನೆಯನ್ನು ತಾನೇ ಕೇಳಬೇಕು. ನಿರೀಕ್ಷೆ ಇಷ್ಟೇ ಇರಲಿ. ಇಪ್ಪತ್ತು ನಿಯಮಗಳನ್ನು ಬರೆಸಿದರೆ ಮಕ್ಕಳು ಒಂದನ್ನೂ ಪಾಲಿಸುವುದಿಲ್ಲ. ಅಂತೆಯೇ ಅಮೆರಿಕೆಯ ವಿಷಯದಲ್ಲಿ ಮಕ್ಕಳು ಮೊದಲೇ ಏನು ಭಾವಿಸಿರುವರೆಂಬುದನ್ನು ಅಧ್ಯಾಪಕನು ಕೇಳಿ ತಿಳಿಯಬೇಕು. ಚಲನಚಿತ್ರದಿಂದಲೋ ಕೈಯೊಳಗಿನ ಫೋನಿನಿಂದಲೋ ಅವರಿಗೆ ಒಂದು ಅಮೆರಿಕೆ ಆಗಲೇ ಪರಿಚಿತವಾಗಿರುತ್ತದೆ: ಎತ್ತರದ ಕಟ್ಟಡ, ಡಾಲರು, ಯಾರದೋ ಮನೆಯ ಎಂಜಿನಿಯರ್ ಮಗ. ಈ ಕಲ್ಪನೆಯನ್ನು ಹಳಿಯಬೇಕಾಗಿಲ್ಲ. ಕರಿಹಲಗೆಯ ಒಂದು ಮೂಲೆಯಲ್ಲಿ ಬರೆದಿಟ್ಟರೆ ಸಾಕು. ಕೊನೆಯ ದಿನ ಅದನ್ನು ಮತ್ತೆ ಓದಬೇಕಾಗುತ್ತದೆ.

ಮೊದಲ ಪಾಠಕ್ಕೆ ಭೂಪಟಕ್ಕಿಂತ ಮಕ್ಕಳ ಬುತ್ತಿಯೇ ಉತ್ತಮ ಸಾಧನ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಬಟಾಟೆಯ ಪಲ್ಯ ಇರುತ್ತವಷ್ಟೆ. ಇವುಗಳಲ್ಲಿ ಜೋಳವೊಂದನ್ನು ಬಿಟ್ಟರೆ ಶೇಂಗಾ, ಮೆಣಸಿನಕಾಯಿ, ಬಟಾಟೆ ಈ ಮೂರೂ ಅಮೆರಿಕ ಖಂಡಗಳಿಂದ ಬಂದವು. ೧೪೯೨ರಲ್ಲಿ ಕೊಲಂಬಸನು ಆ ದಡವನ್ನು ಮುಟ್ಟಿದ ತರುವಾಯ ಪೋರ್ತುಗೀಜರೇ ಮೊದಲಾದವರ ಹಡಗುಗಳಲ್ಲಿ ಏರಿ ಬಂದವು. ಟೊಮೆಟೊ, ಗೋವಿನಜೋಳ, ಸೂರ್ಯಕಾಂತಿ, ಪೇರಲ, ಸೀತಾಫಲ, ತಂಬಾಕುಗಳೂ ಅಲ್ಲಿಯವೇ. ವಿಜಾಪುರದಲ್ಲಿ ಆದಿಲಶಾಹಿ ತಲೆಯೆತ್ತಿದ್ದು ೧೪೯೦ರ ಸುಮಾರಿಗೆ; ಆಗ ಈ ಸೀಮೆಯ ಅಡುಗೆಮನೆಯಲ್ಲಿ ಖಾರವೆಂದರೆ ಕರಿಮೆಣಸು. ‘ಮೆಣಸಿನಕಾಯಿ’ ಎಂಬ ಶಬ್ದವೇ ಈ ಮಾತಿಗೆ ಸಾಕ್ಷಿ: ಹೊಸದಾಗಿ ಬಂದ ಕಾಯಿಗೆ ಕನ್ನಡಿಗರು ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಕೊಟ್ಟರು. ಹಾಗೆಯೇ ಗೋವಿನಜೋಳಕ್ಕೆ ಜೋಳದ ಹೆಸರು. ಭಾಷೆಯು ಹೊಸ ವಸ್ತುವನ್ನು ಹಳೆಯ ನಂಟಿನಿಂದ ಮನೆಗೆ ಕರೆದುಕೊಳ್ಳುವ ಕ್ರಮವಿದು. ಬ್ಯಾಡಗಿಯ ಮೆಣಸಿನಕಾಯಿ ಪರದೇಶಿಯೆಂದರೆ ಮಕ್ಕಳು ನಗುತ್ತಾರೆ, ನಂಬುವುದಿಲ್ಲ. ಆ ಅಪನಂಬಿಕೆಯೇ ಪಾಠಕ್ಕೆ ಒಳ್ಳೆಯ ಆರಂಭ.

ಹೆಸರಿನ ಮಾತು ಬಂದಾಗಲೇ ಇನ್ನೊಂದನ್ನು ಹೇಳಿಬಿಡಬೇಕು. ಕೊಲಂಬಸನು ತಾನು ಇಂಡಿಯಾ ದೇಶದ ಅಂಚನ್ನು ತಲಪಿದೆನೆಂದು ಭ್ರಮಿಸಿ ಅಲ್ಲಿಯ ಜನರನ್ನು ‘ಇಂಡಿಯನ್ನರು’ ಎಂದು ಕರೆದನು. ಹಳೆಯ ಪುಸ್ತಕಗಳಲ್ಲಿ ಬರುವ ‘ರೆಡ್ ಇಂಡಿಯನ್ನರು’ ಆ ತಪ್ಪಿನ ಸಂತಾನ. ಮೂಲನಿವಾಸಿಗಳೆಂಬ ಶಬ್ದವಿರುವಾಗ ಮೈಬಣ್ಣದಿಂದ ಜನರನ್ನು ಕರೆಯುವುದು ಯುಕ್ತವಲ್ಲ. ೧೮೩೦ರಲ್ಲಿ ಶಾಸನವೊಂದನ್ನು ಮಾಡಿ ಆ ಜನರನ್ನು ಪೂರ್ವದ ನೆಲದಿಂದ ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಲಾಯಿತು. ೧೮೩೮ರಲ್ಲಿ ಹೊರಟ ಚೆರೋಕಿ ಜನರಲ್ಲಿ ಸಾವಿರಾರು ಮಂದಿ ದಾರಿಯಲ್ಲಿ ಮಡಿದರು. ‘ಖಾಲಿ ನೆಲದಲ್ಲಿ ಹೊಸ ದೇಶ ಕಟ್ಟಿದರು’ ಎಂಬ ವಾಕ್ಯವು ಯಾವ ನೋಟುಪುಸ್ತಕದಲ್ಲಿಯೂ ಬರದಂತೆ ನೋಡಿಕೊಳ್ಳಬೇಕು. ಆಣೆಕಟ್ಟಿನ ಹಿನ್ನೀರಿನಿಂದ ಊರು ಬಿಟ್ಟವರ ಮಕ್ಕಳು ಬಾಗಲಕೋಟೆ ಜಿಲ್ಲೆಯ ಶಾಲೆಗಳಲ್ಲಿ ಹೊಸಬರಲ್ಲ. ಎರಡೂ ಒಂದೇ ಬಗೆಯ ಸಂಗತಿಗಳಲ್ಲವಾದರೂ ನೆಲ ಬಿಡುವುದೆಂದರೇನೆಂದು ಆ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹದಿಮೂರು ವಸಾಹತುಗಳ ಸ್ಥಾಪನೆ, ಅವುಗಳ ಹೆಸರು, ಆಡಳಿತಪದ್ಧತಿ ಇವನ್ನು ಅರ್ಧ ಅವಧಿಯಲ್ಲಿ ಮುಗಿಸಬಹುದು. ಚಹದ ಪೆಟ್ಟಿಗೆಗಳ ಪ್ರಸಂಗದಲ್ಲಿ ಮಾತ್ರ ತಡೆದು ನಿಲ್ಲಬೇಕು. ೧೭೭೩ರ ಡಿಸೆಂಬರ್ ೧೬ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ನೀರುಪಾಲಾದ ೩೪೨ ಪೆಟ್ಟಿಗೆಗಳು ಯಾರವೆಂದು ಕೇಳಿದರೆ ತರಗತಿ ಮೌನವಾಗುತ್ತದೆ. ಅವು ಈಸ್ಟ್ ಇಂಡಿಯಾ ಕಂಪನಿಯವು! ಆ ಹೊತ್ತಿಗೆ ಬಂಗಾಳದ ಕಂದಾಯವನ್ನು ನುಂಗಿ, ಅಲ್ಲಿಯ ಭೀಕರ ಕ್ಷಾಮವನ್ನು ಕಂಡೂ ಕಾಣದಂತಿದ್ದು, ಲಂಡನ್ನಿನಲ್ಲಿ ಸಾಲದ ಸುಳಿಗೆ ಸಿಕ್ಕಿದ್ದ ಅದೇ ಕಂಪನಿ. ಅದನ್ನು ಉಳಿಸುವ ಸಲುವಾಗಿಯೇ ಬ್ರಿಟಿಷ್ ಸಂಸತ್ತು ೧೭೭೩ರಲ್ಲಿ ಚಹದ ಕಾಯಿದೆಯನ್ನು ಮಾಡಿತು. ಚಹವು ಚೀನದ್ದು, ಕಂಪನಿಯು ಇಂಡಿಯಾದ್ದೆನಿಸಿಕೊಂಡದ್ದು, ತೆರಿಗೆ ಲಂಡನ್ನಿನದು, ಕೋಪ ಅಮೆರಿಕೆಯದು. ಈ ನಾಲ್ಕನ್ನೂ ಭೂಪಟದಲ್ಲಿ ಗೆರೆಯಿಂದ ಕೂಡಿಸುವ ಕೆಲಸವನ್ನು ಮಕ್ಕಳಿಗೇ ಬಿಟ್ಟರೆ, ಬೇರೆ ಬೇರೆ ಪಾಠಗಳೆಂದು ತಿಳಿದಿದ್ದ ಎರಡು ದೇಶಗಳ ಚರಿತ್ರೆ ಒಂದೇ ಹಾಳೆಯ ಮೇಲೆ ಬರುತ್ತದೆ.

ಯುದ್ಧದ ವರ್ಣನೆಗೆ ಒಂದು ಅವಧಿ. ಇಲ್ಲಿ ಕನ್ನಡ ಮಕ್ಕಳಿಗೆ ಒದಗುವ ಸಾಮಗ್ರಿ ಅಪೂರ್ವವಾದದ್ದು. ೧೭೭೮ರಲ್ಲಿ ಫ್ರೆಂಚರು ಅಮೆರಿಕನ್ನರ ಪಕ್ಷ ವಹಿಸಿದ್ದರಿಂದ ಆಂಗ್ಲರಿಗೂ ಫ್ರೆಂಚರಿಗೂ ಎಲ್ಲೆಡೆ ಯುದ್ಧ ಹತ್ತಿತು. ಅದರ ಒಂದು ಕಿಡಿ ಮಲಬಾರದ ಕಡಲದಂಡೆಗೂ ಹಾರಿತು. ಫ್ರೆಂಚರ ಮಾಹೆ ಬಂದರನ್ನು ಆಂಗ್ಲರು ೧೭೭೯ರಲ್ಲಿ ಹಿಡಿದರು. ಆ ಬಂದರಿನಿಂದ ಯುದ್ಧಸಾಮಗ್ರಿಯನ್ನು ತರಿಸಿಕೊಳ್ಳುತ್ತಿದ್ದ ಹೈದರಲಿಯು ಕನಲಿ ೧೭೮೦ರಲ್ಲಿ ಕರ್ನಾಟಕದ ಬಯಲಿಗೆ ದಂಡೆತ್ತಿ ಹೋದನು. ಅಲ್ಲಿ ಜಾರ್ಜ್ ವಾಷಿಂಗ್ಟನ್, ಇಲ್ಲಿ ಹೈದರಲಿ; ಇಬ್ಬರೂ ಒಂದೇ ಸಾಮ್ರಾಜ್ಯದೊಡನೆ ಏಕಕಾಲದಲ್ಲಿ ಕಾದಿದರು. ಈ ವಾರ್ತೆ ಕಡಲಾಚೆಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. ೧೭೮೨ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಮುಂದಿನ ಕಥೆ ಕಾರ್ನ್‌ವಾಲಿಸನದು. ೧೭೮೧ರ ಅಕ್ಟೋಬರ್ ೧೯ರಂದು ಯಾರ್ಕ್‌ಟೌನಿನಲ್ಲಿ ಅವನ ಸೈನ್ಯ ಶಸ್ತ್ರವನ್ನು ಕೆಳಗಿಟ್ಟಿತು, ಅಮೆರಿಕೆ ಕೈಬಿಟ್ಟಿತು. ಐದು ವರ್ಷಗಳಲ್ಲಿ, ಅಂದರೆ ೧೭೮೬ರಲ್ಲಿ, ಅದೇ ಮನುಷ್ಯನು ಗವರ್ನರ್ ಜನರಲ್ ಆಗಿ ಕಲಕತ್ತೆಗೆ ಬಂದಿಳಿದನು. ೧೭೯೧ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ೧೭೯೨ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಟೀಪುವಿನ ಅರ್ಧರಾಜ್ಯವನ್ನು ಕಸಿದು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಕರೆದೊಯ್ದವನು ಇವನೇ. ಅಲ್ಲಿ ಸೋತವನು ಇಲ್ಲಿ ಏಕೆ ಗೆದ್ದನು? ಫ್ರೆಂಚರ ನೌಕಾಬಲ ವಾಷಿಂಗ್ಟನ್ನನಿಗೆ ಒದಗಿತು; ೧೭೮೩ರಲ್ಲಿ ಆಂಗ್ಲರೊಡನೆ ಸಂಧಿಯಾಯಿತೆಂಬ ವಾರ್ತೆ ಬಂದೊಡನೆ ಮಂಗಳೂರಿನ ಮುತ್ತಿಗೆಯಲ್ಲಿ ಟೀಪುವಿನ ಜೊತೆಗಿದ್ದ ಫ್ರೆಂಚ್ ತುಕಡಿ ಹಿಂದೆ ಸರಿಯಿತು. ೧೭೯೨ರ ಹೊತ್ತಿಗಂತೂ ಮರಾಠರೂ ನಿಜಾಮನೂ ಆಂಗ್ಲರ ಪಕ್ಷದಲ್ಲಿದ್ದರು. ಈ ಕಾರಣಗಳನ್ನು ಅಧ್ಯಾಪಕನು ತಾನೇ ಹೇಳಿಬಿಡದೆ ಮಕ್ಕಳಿಂದ ಹೊರಡಿಸಬೇಕು.

ಮೈಸೂರಿನ ಕ್ಷಿಪಣಿಗಳನ್ನು ನೋಡಿ ಕಾಂಗ್ರೀವನೆಂಬವನು ಇಂಗ್ಲೆಂಡಿನಲ್ಲಿ ಮಾಡಿದ ರಾಕೆಟ್ಟುಗಳನ್ನು ೧೮೧೪ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿಸಿದ್ದು, ಆ ನೋಟವನ್ನು ಕಂಡು ರಚಿತವಾದ ಪದ್ಯವೇ ೧೯೩೧ರಲ್ಲಿ ಅಮೆರಿಕೆಯ ರಾಷ್ಟ್ರಗೀತೆಯಾದದ್ದು ಕೂಡ ಹೇಳತಕ್ಕ ಸಂಗತಿಯೇ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮವರ ಹೆಸರು ಅಲ್ಲಿ ಕೇಳಿತೆಂಬ ಹೆಮ್ಮೆಯಲ್ಲಿ ಪಾಠವೇ ತೇಲಿಹೋಗಬಾರದು. ಹೈದರಲಿಯ ಹೆಸರನ್ನು ಹಡಗಿಗೆ ಇಟ್ಟವರು ಅವನ ರಾಜ್ಯವನ್ನಾಗಲಿ ಪ್ರಜೆಗಳನ್ನಾಗಲಿ ಬಲ್ಲವರಲ್ಲ. ಶತ್ರುವಿನ ಶತ್ರುವೆಂಬುದಷ್ಟೇ ಅವರಿಗೆ ಸಾಕಾಗಿತ್ತು.

ಸಂಗ್ರಾಮವೆನ್ನಬೇಕೋ ದಂಗೆಯೆನ್ನಬೇಕೋ ಎಂಬುದೂ ಈ ಅವಧಿಯಲ್ಲಿಯೇ ಬರುವ ಪ್ರಶ್ನೆ. ವಾಷಿಂಗ್ಟನ್ನನು ಲಂಡನ್ನಿನ ಕಾಗದಪತ್ರಗಳಲ್ಲಿ ದಂಗೆಕೋರ. ೧೮೫೭ರಲ್ಲಿ ಶಸ್ತ್ರಗಳನ್ನು ಒಪ್ಪಿಸುವುದಿಲ್ಲವೆಂದು ನಿಂತ ಹಲಗಲಿಯ ಬೇಡರು ಸರಕಾರಿ ದಫ್ತರದಲ್ಲಿ ದಂಗೆಕೋರರು, ಲಾವಣಿಯಲ್ಲಿ ವೀರರು. ಆ ಲಾವಣಿಯನ್ನು ಕೇಳಿದ ಹುಡುಗರು ತರಗತಿಯಲ್ಲಿ ಇದ್ದೇ ಇರುತ್ತಾರೆ. ಶಬ್ದವನ್ನು ಆರಿಸುವವನು ಪಕ್ಷವನ್ನೂ ಆರಿಸುತ್ತಾನೆಂಬುದು ಅವರಿಗೆ ಇದರಿಂದ ಸುಲಭವಾಗಿ ತಿಳಿಯುತ್ತದೆ.

ಇನ್ನು ೧೭೭೬ರ ಜುಲೈ ೪ರ ಘೋಷಣೆ. ಸರ್ವರೂ ಸಮಾನರಾಗಿ ಹುಟ್ಟಿರುವರೆಂಬ ತತ್ತ್ವವನ್ನು ಸಾರಿದ ಆ ಲೇಖವನ್ನು ಬರೆದ ಥಾಮಸ್ ಜೆಫರ್ಸನ್ನನು ತನ್ನ ಆಯುಷ್ಯದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನು. ೧೭೮೭ರ ಸಂವಿಧಾನದಲ್ಲಿ ಪ್ರಾತಿನಿಧ್ಯದ ಲೆಕ್ಕಕ್ಕೆ ಒಬ್ಬ ಗುಲಾಮನನ್ನು ಮನುಷ್ಯನ ಐದರಲ್ಲಿ ಮೂರು ಪಾಲೆಂದು ಎಣಿಸಲಾಯಿತು. ಭಿನ್ನರಾಶಿಯನ್ನು ಕಲಿತ ಮಕ್ಕಳಿಗೆ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ವ್ಯಾಖ್ಯಾನ ಬೇಕಾಗುವುದಿಲ್ಲ.

‘ಗುಲಾಮಗಿರಿ’ ಎಂಬ ಶಬ್ದವನ್ನು ಬಿಡಿಸಿ ಹೇಳದಿದ್ದರೆ ಕನ್ನಡದ ಮಕ್ಕಳು ಅದನ್ನು ತಪ್ಪಾಗಿ ತಿಳಿಯುವ ಸಂಭವವಿದೆ. ಕನ್ನಡದಲ್ಲಿ ‘ದಾಸ’ ಶಬ್ದಕ್ಕೆ ಭಕ್ತಿಪರಂಪರೆಯಿಂದ ಬಂದ ಗೌರವವುಂಟು. ದೇವರ ದಾಸನೆನಿಸಿಕೊಳ್ಳುವುದು ಹಿರಿಮೆ. ಆದುದರಿಂದ ಅಮೆರಿಕೆಯ ಗುಲಾಮರನ್ನು ದಾಸರೆಂದು ಅನುವಾದಿಸುವುದು ಅಸಾಧು. ‘ಜೀತ’ವು ಸಾಲದಿಂದ ಹುಟ್ಟಿದ ಬಂಧನ, ೧೯೭೬ರ ಕಾಯಿದೆ ಅದನ್ನು ನಿಷೇಧಿಸಿತು. ಹಳಗನ್ನಡದ ‘ತೊತ್ತು’ ಶಬ್ದ ಇವೆರಡಕ್ಕಿಂತಲೂ ಹತ್ತಿರದ್ದು. ಆ ಶಬ್ದವಿತ್ತೆಂಬುದರಿಂದಲೇ ಅಂಥ ಮನುಷ್ಯರು ಈ ನಾಡಿನಲ್ಲಿಯೂ ಇದ್ದರೆಂದು ಸಿದ್ಧವಾಗುತ್ತದೆ. ಅಮೆರಿಕೆಯ ಗುಲಾಮನಾದರೋ ಸಾಲಗಾರನಲ್ಲ, ಸೇವಕನಲ್ಲ. ಎತ್ತಿನಂತೆ ಕೊಂಡು ಮಾರುವ ಸೊತ್ತು. ತಾಯಿಯನ್ನು ಒಬ್ಬನಿಗೆ, ಕೂಸನ್ನು ಇನ್ನೊಬ್ಬನಿಗೆ ಮಾರಬಹುದಾಗಿತ್ತು. ಅಮೀನಗಡದ ದನದ ಸಂತೆಯನ್ನು ಕಂಡ ಮಕ್ಕಳ ಮುಂದೆ ಈ ಮಾತನ್ನು ಮೆಲ್ಲನೆ, ಒಂದೇ ಸಲ ಹೇಳಿದರೆ ಸಾಕು.

ಒಂಬತ್ತು ಅವಧಿಗಳಲ್ಲಿ ಮೂರನ್ನು ಹತ್ತಿಗೆ ಕೊಡಬೇಕು. ಪಠ್ಯಪುಸ್ತಕದ ಒತ್ತು ಸ್ವಾತಂತ್ರ್ಯ ಸಂಗ್ರಾಮದ ಮೇಲಿರುವುದರಿಂದ ಇದು ಅತಿಯೆನಿಸಬಹುದು. ಆದರೆ ಗುಡೂರಿನ ಸುತ್ತು ಎರೆಯ ಹೊಲದ ಸೀಮೆ; ಇಳಕಲ್ಲು, ಗುಳೇದಗುಡ್ಡ, ಕಮತಗಿಗಳು ಮಗ್ಗದ ಊರುಗಳು. ಒಂದೇ ಬೆಂಚಿನ ಮೇಲೆ ಹತ್ತಿ ಬೆಳೆಯುವವನ ಮಗನೂ ಸೀರೆ ನೇಯುವವನ ಮಗಳೂ ಕುಳಿತ ತರಗತಿಯಲ್ಲಿ ಅಮೆರಿಕೆಯ ಅಂತರ್ಯುದ್ಧವು ಪರದೇಶದ ಕಥೆಯಾಗಿ ಉಳಿಯಬೇಕಾಗಿಲ್ಲ.

ಕಥೆಯನ್ನು ಯಂತ್ರದಿಂದ ಆರಂಭಿಸಬೇಕು. ಹತ್ತಿಯ ಎಳೆಯಿಂದ ಕಾಳನ್ನು ಬೇರ್ಪಡಿಸುವುದು ಬಲು ಬೇಸರದ ಕೆಲಸ. ಈ ನಾಡಿನಲ್ಲಿ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಕಾಳು ತೆಗೆಯುತ್ತಿದ್ದರು. ಅಮೆರಿಕೆಯ ಹತ್ತಿಯ ಕಾಳಿಗೆ ಎಳೆ ಇನ್ನೂ ಬಿಗಿಯಾಗಿ ಅಂಟಿರುತ್ತದೆ. ೧೭೯೩ರಲ್ಲಿ ಎಲಿ ವ್ಹಿಟ್ನಿಯು ಹಲ್ಲುಗಳುಳ್ಳ ಯಂತ್ರವೊಂದನ್ನು ರಚಿಸಿ ಆ ಕೆಲಸವನ್ನು ಅತಿ ಸುಲಭಗೊಳಿಸಿದನು; ಇಂದಿಗೂ ನಮ್ಮ ಜನ ‘ಜಿನ್ನು’ ಎನ್ನುವುದು ಆ ವರ್ಗದ ಯಂತ್ರಕ್ಕೇ. ಶ್ರಮವನ್ನು ಉಳಿಸುವ ಯಂತ್ರದಿಂದ ಗುಲಾಮರ ಸಂಖ್ಯೆ ಕಡಿಮೆಯಾಗಬೇಕಿತ್ತಲ್ಲವೇ ಎಂದು ಮಕ್ಕಳನ್ನು ಕೇಳಬೇಕು. ಆದದ್ದು ವಿಪರೀತ. ಕಾಳು ತೆಗೆಯುವುದು ಸುಲಭವಾದೊಡನೆ ಹತ್ತಿಯ ಬೆಳೆ ಲಾಭಕರವಾಯಿತು, ಹೊಲಗಳು ಹಬ್ಬಿದವು, ಬಿಡಿಸುವ ಕೈಗಳು ಬೇಕಾದವು. ೧೭೯೦ರಲ್ಲಿ ಸುಮಾರು ೭ ಲಕ್ಷವಿದ್ದ ಗುಲಾಮರು ೧೮೬೦ರ ಹೊತ್ತಿಗೆ ಸುಮಾರು ೪೦ ಲಕ್ಷವಾದರು.

ಆ ಹತ್ತಿ ಲ್ಯಾಂಕಾಶಾಯರಿನ ಗಿರಣಿಗಳಿಗೆ ಹೋಗುತ್ತಿತ್ತು. ಒಂದೇ ದೇಶವನ್ನು ನೆಚ್ಚುವುದು ಅಪಾಯವೆಂದು ಕಂಪನಿಯವರು ೧೮೪೦ರಲ್ಲಿ ಅಮೆರಿಕೆಯಿಂದಲೇ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಇಂಡಿಯಾಕ್ಕೆ ಕರೆತಂದರು. ಬಹಳ ಕಡೆ ಅವರ ಪ್ರಯತ್ನ ಮಣ್ಣುಗೂಡಿತು. ಫಲಿಸಿದ್ದು ಮುಖ್ಯವಾಗಿ ಧಾರವಾಡ ಸೀಮೆಯಲ್ಲಿ. ನ್ಯೂ ಆರ್ಲಿಯನ್ಸ್ ಬೀಜ ಈ ಭಾಗದ ಎರೆಗೆ ಒಗ್ಗಿ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. ಅದರ ಕಾಳು ಪಾದದ ಸರಳಿಗೆ ಬಗ್ಗದುದರಿಂದ ಗರಗಸದ ಹಲ್ಲಿನ ಜಿನ್ನುಗಳೂ ಹಿಂಬಾಲಿಸಿ ಬಂದವು. ನಾಡಹತ್ತಿಗೆ ಪೇಟೆಯಲ್ಲಿ ‘ಕುಮಟೆ’ಯೆಂದು ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತದೆಯೇ? ಇಲ್ಲ, ಎತ್ತಿನ ಗಾಡಿಗಳು ಘಟ್ಟ ಇಳಿದು ಹತ್ತಿಯನ್ನು ಆ ಬಂದರಿಗೆ ಮುಟ್ಟಿಸುತ್ತಿದ್ದವು. ಹೊಟಗಿ-ಗದಗ ರೈಲು ಬಾದಾಮಿಯ ಹಾದಿಯಲ್ಲಿ ಓಡಿದ್ದು ೧೮೮೪ರಲ್ಲಿ. ಯುದ್ಧದ ಕಾಲಕ್ಕೆ ಗಾಡಿಯೇ ಗತಿ.

೧೮೬೧ರ ಏಪ್ರಿಲಿನಲ್ಲಿ ಉತ್ತರ ದಕ್ಷಿಣಗಳ ನಡುವೆ ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಿತು. ಹತ್ತಿಯ ಧಾರಣೆ ಮೂರು ಪಟ್ಟಿಗೂ ಮಿಕ್ಕಿ ಏರಿತು. ಮುಂಬಯಿಯಲ್ಲಿ ಹಣದ ಹೊಳೆ. ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೇಡಿಕೆ. ಲೋಭವೂ ಜೊತೆಯಲ್ಲಿಯೇ ಬಂದಿತು: ಒಳ್ಳೆಯ ಹತ್ತಿಯಲ್ಲಿ ಕೀಳು ಹತ್ತಿಯನ್ನೂ ಕಾಳುಕಸವನ್ನೂ ಬೆರಸುವವರು ಹೆಚ್ಚಿ, ೧೮೬೩ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸವನ್ನು ತಡೆಯಲು ಕಾಯಿದೆ ಮಾಡಬೇಕಾಯಿತು. ೧೮೬೫ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀಯು ಶರಣಾದನು. ಧಾರಣೆ ಕುಸಿಯಿತು, ಮುಂಬಯಿಯ ವರ್ತಕರು ಸಾಲುಸಾಲಾಗಿ ದಿವಾಳಿ ಎದ್ದರು. ಅದಾದ ಹನ್ನೆರಡನೆಯ ವರ್ಷದೊಳಗೇ ೧೮೭೬-೭೮ರ ಬರ ಈ ಪ್ರಾಂತವನ್ನು, ಅಂದಿನ ಕಲಾದಗಿ ಜಿಲ್ಲೆಯನ್ನು, ಬರಿದುಮಾಡಿತು. ಹತ್ತಿಯ ಹಣ ಬರದ ವರ್ಷಕ್ಕೆ ಎಷ್ಟು ಮನೆಗಳಲ್ಲಿ ಉಳಿದಿದ್ದೀತೆಂಬುದು ತರಗತಿಯಲ್ಲಿ ಕೇಳತಕ್ಕ ಪ್ರಶ್ನೆ.

ಹತ್ತಿ ಬೆಳೆದವನಿಗೆ ಏರಿದ ಬೆಲೆ ನೇಕಾರನಿಗೆ ಇಳಿದ ಅನ್ನ. ಹತ್ತಿಯೆಲ್ಲ ಹಡಗನ್ನೇರಿದಾಗ ನೂಲು ತುಟ್ಟಿಯಾಗಿ ಕೈಮಗ್ಗದವರು ಕಂಗಾಲಾದರು. ಅದೇ ವರ್ಷಗಳಲ್ಲಿ ಲ್ಯಾಂಕಾಶಾಯರಿನ ಗಿರಣಿಗಳು ಹತ್ತಿಯಿಲ್ಲದೆ ಮುಚ್ಚಿ ಲಕ್ಷಾಂತರ ಕಾರ್ಮಿಕರು ಉಪವಾಸ ಬಿದ್ದರು. ಆದಾಗ್ಯೂ ೧೮೬೨ರ ಡಿಸೆಂಬರ್ ೩೧ರಂದು ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಅಬ್ರಹಾಂ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಮರುದಿನವೇ ವಿಮೋಚನೆಯ ಘೋಷಣೆ ಜಾರಿಗೆ ಬಂದಿತು. ಜನವರಿಯಲ್ಲಿ ಲಿಂಕನ್ನನು ಆ ಕಾರ್ಮಿಕರಿಗೆ ಮರುಪತ್ರ ಬರೆದನು. ಇಲ್ಲಿ ಅಧ್ಯಾಪಕನು ತರಗತಿಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲಿಗೆ ಗದಗಿನ ರೈತ, ಒಂದಕ್ಕೆ ಇಳಕಲ್ಲಿನ ನೇಕಾರ, ಒಂದಕ್ಕೆ ಮ್ಯಾಂಚೆಸ್ಟರಿನ ಗಿರಣಿಯ ಹೆಂಗಸು, ಒಂದಕ್ಕೆ ಮಿಸಿಸಿಪ್ಪಿಯ ಗುಲಾಮ ಎಂದು ಹೆಸರಿಡಬೇಕು. ಯುದ್ಧ ಇನ್ನೂ ಒಂದು ವರ್ಷ ನಡೆಯಲೆಂದು ಬಯಸುವವರು ಯಾರು, ಇಂದೇ ನಿಲ್ಲಲೆಂದು ಬಯಸುವವರು ಯಾರು, ನಿಲ್ಲುವುದಾದರೆ ಯಾವ ಷರತ್ತಿನ ಮೇಲೆ? ಉತ್ತರಗಳು ಒಂದಾಗುವುದಿಲ್ಲ, ಒಂದಾಗಬೇಕೆಂದೂ ಇಲ್ಲ. ರೈತನ ಮಗನು ‘ಇನ್ನೂ ಒಂದು ವರ್ಷ ನಡೀಲಿ’ ಎಂದು ಹೇಳಿ, ಆಮೇಲೆ ಎದುರಿನ ಸಾಲನ್ನು ನೋಡಿ ಸುಮ್ಮನಾದರೆ ಅಧ್ಯಾಪಕನು ಅವನನ್ನು ಅವಸರಪಡಿಸಬಾರದು.

ಈ ಅವಧಿಗಳಿಗೆ ಮನೆಗೆಲಸವೆಂದರೆ, ಹೊಲದಲ್ಲಿ ಯಾವ ಹತ್ತಿ ಬೆಳೆಯುತ್ತಿದ್ದರೆಂದು ಅಜ್ಜನನ್ನು ಕೇಳಿ ಬರುವುದು. ಜಯಧರ, ಲಕ್ಷ್ಮೀ, ವರಲಕ್ಷ್ಮೀ ಎಂಬ ಹೆಸರುಗಳು ಬರುತ್ತವೆ. ೧೯೭೨ರಲ್ಲಿ ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮೀ ತಳಿಯ ತಾಯಿತಂದೆಗಳೆರಡೂ ಅಮೆರಿಕ ಮೂಲದ ಜಾತಿಗಳು. ೨೦೦೨ರಿಂದ ಬಂದ ಬಿಟಿ ಹತ್ತಿಯ ತಂತ್ರವೂ ಅಮೆರಿಕೆಯ ಕಂಪನಿಯದು. ೧೮೪೦ರಲ್ಲಿ ಬಂದ ಬೀಜದ ವಂಶ ಹೀಗೆ ಮುಂದುವರಿದಿದೆ. ಇನ್ನೊಂದು ಮನೆಗೆಲಸ ಮಗ್ಗದ ಮನೆಯವರಿಗೆ: ನೂಲಿನ ಬೆಲೆ ಏರಿದ ಕಾಲದಲ್ಲಿ ಮನೆಯಲ್ಲಿ ಏನು ಬಿಟ್ಟರು, ಏನು ಉಳಿಸಿಕೊಂಡರು ಎಂಬುದು.

ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಮಡಿದರು. ೧೮೬೫ರ ಡಿಸೆಂಬರಿನಲ್ಲಿ ಸಂವಿಧಾನದ ೧೩ನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಅನೇಕ ಅಧ್ಯಾಪಕರು ಇಲ್ಲಿಗೆ ಮಂಗಳ ಹಾಡುತ್ತಾರೆ. ಹಾಗೆ ಮಾಡುವುದು ಸುಲಭವೂ ಹೌದು, ಸುರಕ್ಷಿತವೂ ಹೌದು. ನಿಜವಾದ ಪರೀಕ್ಷೆ ಇರುವುದು ಇದರ ಮುಂದಿನ ಅವಧಿಯಲ್ಲಿ.

೧೮೭೩ರಲ್ಲಿ, ಈ ಭಾಗವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ, ಜ್ಯೋತಿರಾವ್ ಫುಲೆಯವರು ‘ಗುಲಾಮಗಿರಿ’ ಎಂಬ ಗ್ರಂಥವನ್ನು ಬರೆದು ಗುಲಾಮರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕೆಯ ಸಜ್ಜನರಿಗೆ ಅರ್ಪಿಸಿದರು. ಡಾ. ಅಂಬೇಡ್ಕರರು ೧೯೧೩ರಿಂದ ೧೯೧೬ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ೧೯೪೬ರಲ್ಲಿ ಕಪ್ಪುಜನರ ವಿದ್ವಾಂಸ ಡುಬಾಯಿಸರಿಗೆ ಪತ್ರ ಬರೆದು ಎರಡು ಸಮಾಜಗಳ ಸ್ಥಿತಿಯ ಸಾಮ್ಯವನ್ನು ಎತ್ತಿ ತೋರಿದರು. ೧೯೫೭ರಲ್ಲಿ ಲಿಟ್ಲ್‌ರಾಕ್ ಎಂಬ ಊರಿನ ಪ್ರೌಢಶಾಲೆಗೆ ಒಂಬತ್ತು ಕಪ್ಪುಮಕ್ಕಳು ಸೇರಲು ಹೋ‌ದಾಗ ಅವರನ್ನು ಒಳಗೆ ಬಿಡಿಸಲು ಅಧ್ಯಕ್ಷ ಐಸೆನ್‌ಹೋವರರು ಸೈನ್ಯವನ್ನೇ ಕಳುಹಿಸಬೇಕಾಯಿತು. ಅವರು ಗುಡೂರಿನ ಈ ಮಕ್ಕಳ ವಯಸ್ಸಿನವರೇ. ಮಾರ್ಟಿನ್ ಲೂಥರ್ ಕಿಂಗರು ೧೯೫೯ರಲ್ಲಿ ಭಾರತಕ್ಕೆ ಬಂದಾಗ ಕೇರಳದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕೆಯಿಂದ ಬಂದ ಅಸ್ಪೃಶ್ಯ ಬಂಧುವೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ನೋವಾಯಿತೆಂದೂ, ಬಳಿಕ ಆ ಮಾತು ನಿಜವೆಂದು ತೋರಿತೆಂದೂ ಕಿಂಗರೇ ಹೇಳಿಕೊಂಡಿದ್ದಾರೆ.

ಇಷ್ಟನ್ನು ಹೇಳಿದ ಮೇಲೆ ತರಗತಿಯಲ್ಲಿ ಒಬ್ಬನು ಎದ್ದು ‘ಸರ್, ನಮ್ಮ ಊರಾಗ?’ ಎಂದು ಕೇಳಿಯೇ ಕೇಳುತ್ತಾನೆ. ಅಧ್ಯಾಪಕನ ಸಿದ್ಧತೆಯೆಲ್ಲ ಈ ಒಂದು ಪ್ರಶ್ನೆಗಾಗಿ ಎಂದರೂ ಸಲ್ಲುತ್ತದೆ. ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮಲ್ಲಿ ಸಮಾನತೆಯ ಬೋಧೆಯಾಗಿತ್ತೆಂದು ಉತ್ತರಿಸಿ ಪಾರಾಗುವ ಅಭ್ಯಾಸ ಕನ್ನಡ ಶಾಲೆಗಳಲ್ಲಿ ಪ್ರಬಲವಾಗಿದೆ. ಬೋಧೆಯಾದದ್ದು ದಿಟ, ಆದರೆ ಹುಡುಗ ಕೇಳಿದ್ದು ಬೋಧೆಯನ್ನಲ್ಲ, ಬಾವಿಯನ್ನು, ಚಹದಂಗಡಿಯನ್ನು, ಕೇರಿಯನ್ನು. ಸಂವಿಧಾನದ ೧೭ನೆಯ ಅನುಚ್ಛೇದವನ್ನು ಹಲಗೆಯ ಮೇಲೆ ಬರೆದು, ೧೩ನೆಯ ತಿದ್ದುಪಡಿಯ ಪಕ್ಕದಲ್ಲಿಟ್ಟು, ಬರೆದದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಎರಡೂ ದೇಶಗಳ ವಿಷಯದಲ್ಲಿ ಒಂದೇ ಕೋಲಿನಿಂದ ಅಳೆಯುವುದೇ ಉಚಿತ ಮಾರ್ಗ. ಯಾವ ಮಗುವಿನ ಕಡೆಗೂ ಬೆರಳು ತೋರಬಾರದು. ಯಾವ ಮಗುವಿನ ಅನುಭವವನ್ನೂ ಬಲವಂತದಿಂದ ಹೊರಡಿಸಬಾರದು. ಹೇಳಬಯಸಿದವನಿಗೆ ಬರೆದು ಕೊಡುವ ಅವಕಾಶವಿರಲಿ.

ಸಂವಿಧಾನಗಳ ಹೋಲಿಕೆಗೆ ಬಹಳ ವೇಳೆ ಬೇಕಿಲ್ಲ. ಮೂಲಭೂತ ಹಕ್ಕುಗಳು, ನ್ಯಾಯಾಂಗದ ಪರಾಮರ್ಶಾಧಿಕಾರ ಇವುಗಳಲ್ಲಿ ಅಮೆರಿಕೆಯ ಮೇಲ್ಪಂಕ್ತಿಯಿದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ೧೯೪೭ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ಆ ದೇಶಕ್ಕೆ ಹೋಗಿ ನ್ಯಾಯಾಧೀಶ ಫ್ರಾಂಕ್‌ಫರ್ಟರರೊಡನೆ ಚರ್ಚಿಸಿ ಬಂದರೆಂಬುದನ್ನು ಬಲಪುಟದಲ್ಲಿ ಬರೆಸಬಹುದು. ವಲಸೆಯ ವಿಷಯವೂ ಹೀಗೆಯೇ. ಭಾರತೀಯರು ಅಮೆರಿಕೆಯ ಪೌರರಾಗಲು ಅರ್ಹರಲ್ಲವೆಂದು ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು; ಬಾಗಿಲು ಅಗಲವಾಗಿ ತೆರೆದದ್ದು ೧೯೬೫ರ ವಲಸೆ ಕಾಯಿದೆಯಿಂದ, ಅದೂ ಕಪ್ಪುಜನರ ಹಕ್ಕಿನ ಹೋರಾಟದ ಕಾಲದಲ್ಲಿ. ಮೊದಲ ದಿನ ಹಲಗೆಯ ಮೂಲೆಯಲ್ಲಿ ಬರೆದಿಟ್ಟ ಎಂಜಿನಿಯರ್ ಮಗನು ಹೋದದ್ದು ಆ ಬಾಗಿಲಿನಿಂದ. ಅದನ್ನು ಈಗ ಓದಿಸಬೇಕು.

ಇಷ್ಟು ವಿಸ್ತರಿಸಿದರೆ ಪಾಠಕ್ರಮ ಮುಗಿಯುವುದೆಂತು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಮೈಸೂರು ಯುದ್ಧಗಳೂ, ಕಂಪನಿಯ ಆಳಿಕೆಯೂ, ಸಂವಿಧಾನವೂ ಪ್ರೌಢಶಾಲೆಯ ಪಠ್ಯದಲ್ಲಿ ಬೇರೆಡೆ ಬಂದೇ ಬರುತ್ತವೆ. ಇಲ್ಲಿ ವ್ಯಯಿಸಿದ ವೇಳೆಯಲ್ಲಿ ಬಹುಭಾಗ ಅಲ್ಲಿ ಉಳಿಯುತ್ತದೆ. ಪಾಠಟಿಪ್ಪಣಿಯನ್ನು ವರ್ಷದ ಆರಂಭದಲ್ಲಿಯೇ ಬರೆಯುವ ಅಧ್ಯಾಪಕನು ಈ ಹೊಂದಾಣಿಕೆಯನ್ನು ಕಾಣಬಲ್ಲನು. ತಪಾಸಣೆಯ ಹಿಂದಿನ ರಾತ್ರಿ ಬರೆಯುವವನು ಕಾಣಲಾರನು.

ಒಂಬತ್ತನೆಯ ಅವಧಿಯಲ್ಲಿ ಇಪ್ಪತ್ತೈದು ಅಂಕಗಳ ಪರೀಕ್ಷೆ. ಐದು ಅಂಕ ಇಸವಿಗಳಿಗೆ, ಐದು ಭೂಪಟಕ್ಕೆ. ಹತ್ತು ಅಂಕಗಳಿಗೆ ಒಂದೇ ಪ್ರಶ್ನೆ: ‘೧೮೬೪ರಲ್ಲಿ ಹತ್ತಿ ಮಾರಿ ಬಂದ ರೈತನೂ, ನೂಲು ಕೊಳ್ಳಲು ಹೊರಟ ನೇಕಾರನೂ ದಾರಿಯಲ್ಲಿ ಎದುರಾದರೆ ಏನು ಮಾತನಾಡಿಕೊಂಡಾರು? ಬರೆಯಿರಿ.’ ಉಳಿದ ಐದು ಅಂಕ ವಿದ್ಯಾರ್ಥಿಯು ತಾನೇ ಕೇಳಿದ ಪ್ರಶ್ನೆಗೆ. ಅದಕ್ಕೆ ಉತ್ತರ ಬರೆಯಬೇಕಾದವನು ಅಧ್ಯಾಪಕ.